ನನ್ನ ಅನುಭವ: ಒಂದು ಕಮಿಟ್, ಮೂರು ರಿಲೀಸ್ ನೋಟ್

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ-ಸಂಕೇತ ಪದ್ಧತಿಗೆ) ತರುವ ಸಣ್ಣದೊಂದು ಮುಕ್ತ ತಂತ್ರಾಂಶಕ್ಕೆ ಬೆಳಗಾವಿಯಿಂದ ರಿಲೀಸ್ ನೋಟ್ (ಹೊಸ ಆವೃತ್ತಿಯ ಜೊತೆ ಹೋಗುವ ಟಿಪ್ಪಣಿ) ಬರೆಯುವ ಕೆಲಸ ನನ್ನದು. ಓದುವವರು ಮೂರು ಥರ: ಖಡೇಬಜಾರದ ಕಡೆಯ ಡಿಟಿಪಿ ಅಂಗಡಿಯವರು, ಕಾಲೇಜು-ಕಚೇರಿಗಳ ಸರ್ವರ್ ನೋಡಿಕೊಳ್ಳುವವರು, ನಮ್ಮ ಕೋಡನ್ನು ತಮ್ಮ ತಂತ್ರಾಂಶದಲ್ಲಿ ಸೇರಿಸಿಕೊಂಡವರು. ಎಲ್ಲರಿಗೂ ಒಂದೇ ಪಟ್ಟಿ ಕಳಿಸಿದರೆ ಯಾರೂ ಓದುವುದಿಲ್ಲ. ಅಂಗಡಿಯವರು ಕೇಳುವುದು ಇಷ್ಟೇ: "ಹಳೇ ಫೈಲ್ ಓಪನ್ ಆಗತಾವೋ ಇಲ್ಲೋ, ಅಷ್ಟ ಹೇಳ್ರಿ."

ಒಂದು ತಿದ್ದುಪಡಿಯನ್ನೇ ನೋಡಿ. ‘ರ‍್ಯಾಲಿ’ ಎಂಬ ಪದ ಪರಿವರ್ತನೆಯಾದಾಗ ‘ರ್ಯಾಲಿ’ ಎಂದು ಅರ್ಕಾವೊತ್ತು ಹೊತ್ತು ಬರುತ್ತಿತ್ತು. ನುಡಿಯಲ್ಲಿ ಇವೆರಡೂ ಬೇರೆ ಬೇರೆ ಗ್ಲಿಫ್ (ಅಕ್ಷರದ ಆಕೃತಿ). ಯೂನಿಕೋಡ್‌ನಲ್ಲಿ ರ, ಹಲಂತ, ಯ ಎಂದಷ್ಟೇ ಸಾಲಾಗಿಟ್ಟರೆ ಅದು ಅರ್ಕಾವೊತ್ತೇ. ಬೇಡವೆಂದರೆ ರಕಾರಕ್ಕೂ ಹಲಂತಕ್ಕೂ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ (ಯು+200ಡಿ) ಇಡಬೇಕು. ಕಮಿಟ್ ಮಾಡಿದ್ದು (ಕೋಡಿನಲ್ಲಿ ಬದಲಿಸಿ ದಾಖಲಿಸಿದ್ದು) ಅದೊಂದನ್ನೇ.

ಅಂಗಡಿಗೆ ಹೋದ ಸಾಲು: "ರ‍್ಯಾಲಿ, ರ‍್ಯಾಂಕ್ ಪದಗಳು ಈಗ ಸರಿಯಾಗಿ ಬರುತ್ತವೆ. ಕಾರ್ಯಕ್ರಮ, ಸೂರ್ಯ ಮೊದಲಿನಂತೆಯೇ ಇರುತ್ತವೆ. ಹಿಂದೆ ಪರಿವರ್ತಿಸಿದ ಫೈಲ್ ತಾನಾಗಿ ಸರಿಹೋಗದು; ಮೂಲ ಫೈಲಿನಿಂದ ಮತ್ತೊಮ್ಮೆ ಪರಿವರ್ತಿಸಿ."

ಸರ್ವರ್‌ನವರಿಗೆ: "ಡೇಟಾಬೇಸಿನಲ್ಲಿ ಇನ್ನು ಮುಂದೆ ಒಂದೇ ಪದದ ಎರಡು ರೂಪ ಇರುತ್ತವೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಬ್ಯಾಕಪ್ ತೆಗೆದು, ಹಳೆಯ ದಾಖಲೆ ಮರುಪರಿವರ್ತಿಸಿ, ಇಂಡೆಕ್ಸ್ ಮತ್ತೆ ಕಟ್ಟಿ."

ಕೋಡ್‌ನವರಿಗೆ: "ಇಂಥ ಪ್ರತಿ ಜಾಗದಲ್ಲೂ ಸ್ಟ್ರಿಂಗ್ (ಪಠ್ಯದ ತುಣುಕು) ಉದ್ದ ಒಂದು ಸಂಕೇತದಷ್ಟು ಹೆಚ್ಚುತ್ತದೆ. ಉದ್ದ ಎಣಿಸುವ, ನೇರ ಹೋಲಿಸುವ ಟೆಸ್ಟ್‌ಗಳು ಫೇಲಾಗಬಹುದು."

ದೋಷ ಸರಿಪಡಿಸಿದ್ದೇ ಆದರೂ ಔಟ್‌ಪುಟ್ ಬದಲಾಗಿದೆ. ಹಾಗಾಗಿ ಆವೃತ್ತಿ ಸಂಖ್ಯೆಯಲ್ಲಿ ಸಣ್ಣ ತಿದ್ದುಪಡಿ ಸೂಚಿಸುವ ಕೊನೆಯ ಅಂಕಿಯನ್ನಷ್ಟೇ ಏರಿಸಿ ಸುಮ್ಮನಾಗುವುದು ನನ್ನ ಮಟ್ಟಿಗೆ ಸರಿಯಲ್ಲ. ನಡುವಿನ ಅಂಕಿ ಏರಿಸಿದೆವು.

ಕೆಲಸದ ಕ್ರಮ ಸರಳ. ಹಿಂದಿನ ಟ್ಯಾಗ್‌ನಿಂದ (ಹಿಂದಿನ ಆವೃತ್ತಿಯ ಗುರುತು) ಈಚಿನ ಗಿಟ್ ಲಾಗ್ ಅನ್ನು (ಕಮಿಟ್‌ಗಳ ಪಟ್ಟಿ), ಕವಲುಗಳನ್ನು ಕೂಡಿಸುವ ಮರ್ಜ್ ಕಮಿಟ್ ಬಿಟ್ಟು, ಸಾಲಿಗೊಂದರಂತೆ ತೆಗೆದು ಸ್ಪ್ರೆಡ್‌ಶೀಟಿಗೆ ಹಾಕುತ್ತೇನೆ. ಪಕ್ಕದಲ್ಲಿ ಮೂರು ಕಾಲಂ, ಓದುಗರಿಗೊಂದು. ಏನು ಬದಲಾಯಿತು ಎಂದಲ್ಲ, ಓದಿದವರು ಏನು ಮಾಡಬೇಕು ಎಂದು ತುಂಬಬೇಕು. ಮಾಡುವುದೇನೂ ಇಲ್ಲ, ಕಾಣುವುದೂ ಇಲ್ಲ ಎಂದರೆ ಕಾಲಂ ಖಾಲಿ. ಅಂಗಡಿಯ ಕಾಲಂ ಮುಕ್ಕಾಲು ಪಾಲು ಖಾಲಿಯೇ ಉಳಿಯುತ್ತದೆ, ಉಳಿಯಲಿ. ಐದು ಸಾಲು ದಾಟಿದರೆ ಆ ನೋಟ್ ಯಾರೂ ಓದರು. ‘ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ’ ಎಂಬ ಸಾಲು ಮೂರರಲ್ಲೂ ನಿಷಿದ್ಧ.

ರಿಲೀಸ್‌ನ ಹಿಂದಿನ ರಾತ್ರಿ ಕುಳಿತು ತುಂಬಿದರೆ ಅರ್ಧ ಕಮಿಟ್ ಯಾಕೆ ಮಾಡಿದ್ದೆಂದೇ ನೆನಪಿರದು. ಪೈಥಾನ್ ಭಾಷೆಯ ಹಲವು ತಂತ್ರಾಂಶದವರು ಬಳಸುವ ಟೌನ್‌ಕ್ರಾಯರ್ ಎಂಬ ಸಾಧನದ ಪದ್ಧತಿ ವಾಸಿ: ಪ್ರತಿ ಬದಲಾವಣೆಯ ಜೊತೆಗೇ ಸಣ್ಣದೊಂದು ಟಿಪ್ಪಣಿ ಫೈಲ್, ರಿಲೀಸ್ ಹೊತ್ತಿಗೆ ಎಲ್ಲವೂ ಒಂದಾಗುತ್ತವೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಕೂಡ ಎಲ್ಲ ಬದಲಾವಣೆಗಳ ಚೇಂಜ್‌ಲಾಗ್ ಬೇರೆ, ಬಳಸುವವರು ಗಮನಿಸಲೇಬೇಕಾದ್ದರ ನ್ಯೂಸ್ ಫೈಲ್ ಬೇರೆ ಇಡುತ್ತದೆ. ಸರ್ವರ್ ನೋಟ್‌ಗೆ ನನಗೆ ಮಾದರಿ ಆ ಎರಡನೆಯದು.

‘ಡಿಪ್ರಿಕೇಟೆಡ್’ ಪದಕ್ಕೆ ಕನ್ನಡ ಹುಡುಕುವ ಗೋಜಿಗೇ ಹೋಗುವುದಿಲ್ಲ. "ಈಗ ನಡೆಯುತ್ತದೆ, 3.0ರಲ್ಲಿ ಇರುವುದಿಲ್ಲ, ಬದಲಿಗೆ ಇದನ್ನು ಬಳಸಿ" ಎಂದು ಬರೆದರೆ ಮುಗಿಯಿತು. ಭದ್ರತಾ ದೋಷವಿದ್ದರೆ ಸಿವಿಇ ಸಂಖ್ಯೆ (ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ), ಯಾವ ಆವೃತ್ತಿಗಳಿಗೆ ತಗುಲುತ್ತದೆ ಎಂಬುದು ಸರ್ವರ್ ನೋಟ್‌ನ ಮೊದಲ ಸಾಲಿಗೆ. ಅಂಗಡಿಗೆ "ಇವತ್ತೇ ಅಪ್‌ಡೇಟ್ ಮಾಡಿ" ಸಾಕು.

ಕೆಡುವುದು ಹೆಚ್ಚಾಗಿ ಕಳಿಸುವಾಗ. ನೋಟ್ ಅನ್ನು ವರ್ಡ್‌ನಲ್ಲಿ ಬರೆದರೆ ಕಮಾಂಡಿನ ಎರಡು ಅಡ್ಡಗೆರೆ ಕೂಡಿ ಒಂದು ಉದ್ದ ಗೆರೆಯಾಗುತ್ತದೆ, ಕಾಪಿ ಮಾಡಿದವರಿಗೆ ಬರುವುದು ಎರರ್. ವಾಟ್ಸ್ಯಾಪ್‌ನಲ್ಲಿ ಎರಡು ನಕ್ಷತ್ರ ಚಿಹ್ನೆಗಳ ನಡುವಿನ ಪಠ್ಯ ದಪ್ಪಗಾಗಿ ಚಿಹ್ನೆಗಳೇ ಮಾಯ. ಅದಕ್ಕೇ ಕಮಾಂಡ್‌ಗಳೆಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಅಂಕಿಗಳು ಇಂಗ್ಲಿಷಿನವೇ.

ಲಗ್ನಪತ್ರಿಕೆಯ ಸೀಜನ್ನಿನಲ್ಲಿ ಔಟ್‌ಪುಟ್ ಬದಲಿಸುವ ರಿಲೀಸ್ ಬಿಡುವುದಿಲ್ಲ, ನೋಟ್ ಎಷ್ಟೇ ಚೆನ್ನಾಗಿರಲಿ. ಬೆಳಗಾವಿಯ ಅಂಗಡಿಗಳಿಗೆ ಕೊನೆಗೊಂದು ಸಾಲು ಹೆಚ್ಚಿಗೆ ಇರುತ್ತದೆ: "ಮರಾಠಿ ಫೈಲ್‌ಗಳಿಗೆ ಏನೂ ಬದಲಾಗಿಲ್ಲ." ಬದಲಾಗದ್ದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದರೆ ಇದೊಂದು ಸಾಲು ಬಿಟ್ಟರೆ ಮಧ್ಯಾಹ್ನದೊಳಗೆ ಫೋನ್ ಶುರು.