ಆಲಮಟ್ಟಿ ಗ್ರಾಫ್ ಝೂಮ್ ಮಾಡಿದಾಗ ಅಕ್ಷ ಯಾಕೆ ಕೆಡುತ್ತದೆ: ನನ್ನ ಅನುಭವ

ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರ ಪ್ರಾಜೆಕ್ಟ್ ಅಂದರೆ ಆಲಮಟ್ಟಿ ಜಲಾಶಯ ಬಂದೇ ಬರುತ್ತದೆ. ಹಳೇ ಊರಿನ ಒಂದು ಭಾಗ ಹಿನ್ನೀರಿಗೆ ಹೋಗಿ ನವನಗರ ಎದ್ದ ಊರಿದು, ಆ ನೀರಿನ ಲೆಕ್ಕ ಇಲ್ಲಿ ಎಲ್ಲರಿಗೂ ಬೇಕು. ದಿನದ ನೀರಿನ ಮಟ್ಟ, ಒಳಹರಿವು ಎಲ್ಲ ಸೇರಿಸಿ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಬಿಡಿಸುತ್ತಾರೆ. ಪೂರ್ತಿ ವರ್ಷದ ಗ್ರಾಫ್ ಚೆನ್ನಾಗೇ ಕಾಣುತ್ತದೆ. 2019ರ ಆಗಸ್ಟ್ ಪ್ರವಾಹದ ಭಾಗವನ್ನು ಹತ್ತಿರದಿಂದ ನೋಡೋಣ ಅಂತ ಝೂಮ್ ಮಾಡಿದರೆ ಸಾಕು, ತೊಂದರೆ ಶುರು. ಆಗ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬರುತ್ತಾರೆ.

ನಾನು ಝೂಮ್ ಬಟನ್ ಮುಟ್ಟುವುದಕ್ಕೂ ಮೊದಲು ಅಕ್ಷಕ್ಕೆ ಏನು ಕೊಟ್ಟಿದ್ದಾರೆ ಅಂತ ನೋಡುತ್ತೇನೆ. ನಾನು ಕಂಡ ಹಾಗೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಇರುತ್ತದೆ.

ಜಾಸ್ತಿ ಸಿಗುವುದು ತಾರೀಖಿನ ಗೊಂದಲ. ಫೈಲಿನಲ್ಲಿ 05-08-2019 ಅಂತ ಇರುತ್ತದೆ. ನಮಗೆ ಅದು ತಾರೀಖು. ಓದಿಸುವಾಗ ಹೇಳದಿದ್ದರೆ ಕಂಪ್ಯೂಟರಿಗೆ ಅದು ಬರೀ ಅಕ್ಷರ. ಅಕ್ಷರ ಸಿಕ್ಕರೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿಯೊಂದನ್ನೂ ಬೇರೆ ಬೇರೆ ಹೆಸರು ಅಂದುಕೊಂಡು 0, 1, 2 ಅಂತ ಸಾಲಾಗಿ ಕೂರಿಸುತ್ತದೆ. ವರ್ಷದ ಎಲ್ಲ ಹೆಸರುಗಳೂ ಒಂದರ ಮೇಲೊಂದು ಬಿದ್ದು ಅಕ್ಷದ ಕೆಳಗೆ ಕಪ್ಪು ಪಟ್ಟಿ ಆಗುತ್ತದೆ. ಝೂಮ್ ಮಾಡಿದರೆ ಹೆಸರು ಓದಲು ಸಿಗುತ್ತವೆ, ಸರಿಯಾಯಿತು ಅನಿಸುತ್ತದೆ. ಆದರೆ ಅಲ್ಲೇ ನಿಲ್ಲಬೇಡಿ. 7ನೇ ತಾರೀಖಿನ ಪಕ್ಕದಲ್ಲೇ 10ನೇ ತಾರೀಖು ಕೂತಿರುತ್ತದೆ. ನಡುವಿನ ಎರಡು ದಿನದ ದಾಖಲೆ ಇಲ್ಲ, ಹಾಗಾಗಿ ಆ ಜಾಗವೂ ಇಲ್ಲ. ಮೂರು ದಿನದಲ್ಲಿ ಏರಿದ ನೀರು ಒಂದೇ ದಿನದಲ್ಲಿ ಏರಿದ ಹಾಗೆ ಗೆರೆ ಕಡಿದಾಗಿ ಮೇಲೇಳುತ್ತದೆ. ಪ್ರವಾಹದ ಅಧ್ಯಯನದಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇದಕ್ಕೆ ಪೈಥಾನ್‌ನಲ್ಲಿ ಕೋಷ್ಟಕದ ಅಂಕಿ ಓದಿಸುವ ಪಾಂಡಾಸ್ ಲೈಬ್ರರಿಯ ಟು-ಡೇಟ್‌ಟೈಮ್ ಬಳಸಿ ಆ ಕಾಲಂ ಅನ್ನು ನಿಜವಾದ ತಾರೀಖು ಮಾಡಿಸುತ್ತೇನೆ. ಅದರ ಜೊತೆ ಡೇಫಸ್ಟ್ ಅನ್ನು ಟ್ರೂ ಮಾಡಲೇಬೇಕು. ನಾವು ದಿನ ಮೊದಲು ಬರೆಯುವವರು. ಹೇಳದಿದ್ದರೆ ಆಗಸ್ಟ್ 5 ಹೋಗಿ ಮೇ 8 ಆಗಿಬಿಡಬಹುದು. ಕಾಲಂನ ಟೈಪ್ ನೋಡಿ, ಡೇಟ್‌ಟೈಮ್ ಅಂತ ಬರುವವರೆಗೆ ಗ್ರಾಫ್ ಬಿಡಿಸಬೇಡಿ.

ಇದಕ್ಕಿಂತ ಅಪಾಯದ್ದು ಕೈಯಾರೆ ಅಂಟಿಸಿದ ಲೇಬಲ್. ಸೆಟ್ ಎಕ್ಸ್‌ಟಿಕ್‌ಲೇಬಲ್ಸ್ ಕೊಟ್ಟು ಜೂನ್, ಜುಲೈ, ಆಗಸ್ಟ್ ಅಂತ ಬರೆದಿರುತ್ತಾರೆ. ಆ ಹೆಸರು ಕೂರುವ ಅಕ್ಷದ ಗುರುತುಗಳ ಜಾಗ ಗಟ್ಟಿ ಮಾಡಿರುವುದಿಲ್ಲ. ಝೂಮ್ ಮಾಡಿದಾಗ ಗುರುತುಗಳು ಹೊಸ ಜಾಗಕ್ಕೆ ಹೋಗುತ್ತವೆ, ಹೆಸರುಗಳು ಮಾತ್ರ ಅದೇ ಸಾಲಿನಲ್ಲಿ ಬರುತ್ತವೆ. ಆಗಸ್ಟಿನ ನೀರಿನ ಕೆಳಗೆ ಜೂನ್, ಜುಲೈ ಅಂತ ಕಾಣುತ್ತದೆ. ಗ್ರಾಫ್ ನೋಡಲು ಅಚ್ಚುಕಟ್ಟಾಗೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಕಂಪ್ಯೂಟರ್ ಒಂದು ಎಚ್ಚರಿಕೆ ಸಾಲು ಕೊಡುತ್ತದೆ, ಅದನ್ನು ಓದುವವರು ಕಡಿಮೆ. ಸೆಟ್ ಎಕ್ಸ್‌ಟಿಕ್‌ಲೇಬಲ್ಸ್ ಬರೆದ ಸಾಲನ್ನೇ ಅಳಿಸಿ, ತಾರೀಖಿನ ಲೇಬಲ್ ಕೆಲಸವನ್ನು ಮ್ಯಾಟ್‌ಪ್ಲಾಟ್‌ಲಿಬ್‌ನ ಆಟೋಡೇಟ್‌ಲೊಕೇಟರ್‌ಗೆ ಬಿಡಿ. ಝೂಮ್ ಮಾಡಿದಂತೆ ತಿಂಗಳು, ವಾರ, ದಿನ ಅಂತ ಅದೇ ಬದಲಿಸಿಕೊಳ್ಳುತ್ತದೆ.

ಇನ್ನು ವೈ ಅಕ್ಷ, ಅಂದರೆ ನೆಟ್ಟಗೆ ನಿಂತ ಅಕ್ಷ. ಒಬ್ಬ ಹುಡುಗಿ ಗಾಬರಿಯಿಂದ ಬಂದಿದ್ದಳು. “ಸರ್, ಡ್ಯಾಮ್ ತುಂಬೈತ್ರಿ, ಆದ್ರ ಇಲ್ಲಿ ಮಟ್ಟ 0.06 ತೋರಸ್ತೈತ್ರಿ” ಅಂದಳು. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ತುಂಬಿ ನಿಂತ ದಿನಗಳ ಮೇಲೆ ಆಕೆ ಸೆಂಟಿಮೀಟರ್ ಲೆಕ್ಕಕ್ಕೆ ಝೂಮ್ ಮಾಡಿದ್ದಳು, 519.51ರಿಂದ 519.59ರವರೆಗೆ. ಎಲ್ಲ ಅಂಕಿಯಲ್ಲೂ 519.5 ಇದ್ದದ್ದರಿಂದ ಸಾಫ್ಟ್‌ವೇರ್ ಅದನ್ನು ತೆಗೆದು ಅಕ್ಷದ ತುದಿಯಲ್ಲಿ ‘+5.195ಇ2’ (519.5 ಕೂಡಿಸಿ ಓದಿ ಅಂತ ಅರ್ಥ) ಅಂತ ಸಣ್ಣದಾಗಿ ಬರೆದು, ಉಳಿದ 0.01, 0.02 ಮಾತ್ರ ತೋರಿಸಿತ್ತು. ಅಂದರೆ 0.06 ಇದ್ದಲ್ಲಿ 519.56 ಓದಬೇಕು. ಲೆಕ್ಕ ಸರಿ ಇದೆ, ಆದರೆ ರಿಪೋರ್ಟ್ ಓದುವವರಿಗೆ ತಿಳಿಯುವುದಿಲ್ಲ. ಟಿಕ್‌ಲೇಬಲ್ ಫಾರ್ಮ್ಯಾಟ್‌ನಲ್ಲಿ ವೈ ಅಕ್ಷ ಅಂತ ಹೇಳಿ ಯೂಸ್‌ಆಫ್‌ಸೆಟ್ ಅನ್ನು ಫಾಲ್ಸ್ ಮಾಡಿಸಿದೆ. ಪೂರ್ತಿ ಅಂಕಿ ಬಂತು, ಆಕೆಯ ಮುಖವೂ ಅರಳಿತು.

ಎಡಕ್ಕೆ ಮಟ್ಟ, ಬಲಕ್ಕೆ ಕ್ಯೂಸೆಕ್ಸ್‌ನಲ್ಲಿ ಒಳಹರಿವು ಅಂತ ಎರಡು ವೈ ಅಕ್ಷ ಇಟ್ಟವರಿಗೆ ಬೇರೆ ಗೋಳು. ಮೌಸ್‌ನಿಂದ ಚೌಕ ಎಳೆದರೆ ಎರಡೂ ಅಕ್ಷ ಒಟ್ಟಿಗೆ ಹಿಗ್ಗುತ್ತವೆ, ಒಳಹರಿವಿನ ಗೆರೆ ಕಿಟಕಿಯಿಂದಲೇ ಮಾಯ. ತಾರೀಖು ಮಾತ್ರ ಹಿಗ್ಗಬೇಕಾದರೆ ಎಕ್ಸ್ ಕೀ ಒತ್ತಿ ಹಿಡಿದು ಎಳೆಯಿರಿ. ವೈ ಕೀ ಹಿಡಿದರೆ ಎತ್ತರ ಮಾತ್ರ. ಬಲಗಡೆಯ ಅಕ್ಷ ಅಲುಗಲೇಬಾರದು ಅಂದರೆ ಅದಕ್ಕೆ ಸೆಟ್ ನ್ಯಾವಿಗೇಟ್ ಫಾಲ್ಸ್ ಕೊಡಿ. ತಾರೀಖಿನ ಅಕ್ಷ ಎರಡಕ್ಕೂ ಒಂದೇ ಆದ್ದರಿಂದ ಅದು ಜೊತೆಯಲ್ಲೇ ಸರಿಯುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಝೂಮ್ ಮಾಡಿದ ಮೇಲೆ ಹೊಸ ದಿನದ ಅಂಕಿ ಸೇರಿಸಿದರೆ ಅಕ್ಷ ಹಿಂಬಾಲಿಸುವುದಿಲ್ಲ. ಒಮ್ಮೆ ಝೂಮ್ ಆದರೆ ಅಂಕಿಗೆ ತಕ್ಕಂತೆ ಅಕ್ಷವನ್ನು ತಾನೇ ಹೊಂದಿಸುವ ಆಟೋಸ್ಕೇಲ್ ನಿಂತುಬಿಡುತ್ತದೆ, ಅದನ್ನು ಮತ್ತೆ ಆನ್ ಮಾಡಬೇಕು. ಗೆರೆಯ ಅಂಕಿಗಳನ್ನೇ ಬದಲಿಸಿದ್ದರೆ ಮಿತಿಗಳನ್ನು ಮತ್ತೆ ಲೆಕ್ಕ ಹಾಕುವ ರಿಲಿಮ್ ಕೂಡ ಬೇಕು. ದಾರಿ ತಪ್ಪಿದರೆ ಮನೆ ಚಿತ್ರದ ಬಟನ್ ಒತ್ತಿ, ಮೊದಲಿನ ನೋಟ ಬರುತ್ತದೆ.

ರಿಪೋರ್ಟ್‌ಗೆ ಚಿತ್ರ ಬೇಕಾದಾಗ ಮಾತ್ರ ನಾನು ಮೌಸ್ ಝೂಮ್ ಒಪ್ಪುವುದಿಲ್ಲ. ಗ್ರಾಫಿನ ಕಿಟಕಿ ಮುಚ್ಚಿದ ಮೇಲೆ ಚಿತ್ರ ಉಳಿಸುವ ಸೇವ್‌ಫಿಗ್ ಓಡಿಸಿ ಬಿಳಿ ಹಾಳೆ ತಂದವರಿದ್ದಾರೆ. 2019ರ ಆಗಸ್ಟ್ 1ರಿಂದ 20 ಅಂತ ಅಕ್ಷದ ಮಿತಿ ಹೇಳುವ ಸೆಟ್ ಎಕ್ಸ್‌ಲಿಮ್‌ನಲ್ಲೇ ಬರೆಸಿ, ಕಿಟಕಿ ತೆರೆಯುವ ಶೋಗಿಂತ ಮೊದಲು ಸೇವ್ ಮಾಡಿಸುತ್ತೇನೆ. ಗೈಡ್ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿದರೂ ಅದೇ ಇಪ್ಪತ್ತು ದಿನ, ಅದೇ ಅಕ್ಷ ಸಿಗುತ್ತದೆ.