ಫರ್ಸಿ ತಡೆಹಿಡಿದಾಗ ಕಂಡದ್ದು: ಬೆಲೆಯ ಬಾಕಿ ಬೇರೆ, ಜಾಗದ ಬಾಡಿಗೆ ಬೇರೆ

ಶಹಾಬಾದ್ ಸೀಮೆಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ, ವ್ಯಾಪಾರ ಮಾಡುವ ನಮ್ಮಂಥವರಿಗೆ ಬೆಲೆಯ ಬಾಕಿಗಿಂತ ಜಾಗದ ಬಾಡಿಗೆಯ ಬಾಕಿಯೇ ಹೆಚ್ಚು ತೊಡಕಿನದು. ಕಟ್ಟಡದ ಕೆಲಸ ನಿಂತರೆ ಗುತ್ತಿಗೆದಾರರ ಕಲ್ಲು ನಮ್ಮ ಅಂಗಳದಲ್ಲೇ ಉಳಿಯುತ್ತದೆ. ಅದನ್ನು ಒಯ್ಯಲು ಲಾರಿ ಬಂದ ದಿನ ಜಾಗದ ಬಾಡಿಗೆಯ ಮಾತೆತ್ತಿದರೆ ಯಾರೂ ಒಪ್ಪುವುದಿಲ್ಲ. ಎಲ್ಲ ಬಾಕಿ ತೀರುವವರೆಗೆ ಕಲ್ಲು ಬಿಡಬೇಡಿ ಎಂದು ಬಜಾರಿನಲ್ಲಿ ಹೇಳುವವರಿದ್ದಾರೆ. ಕಾನೂನು ಆ ಹಕ್ಕನ್ನು ಅಷ್ಟು ಸಲೀಸಾಗಿ ಕೊಟ್ಟಿಲ್ಲ.

ಕಲಬುರಗಿಯ ಗುತ್ತಿಗೆದಾರರೊಬ್ಬರ ಕಲ್ಲು ಮಳೆಗಾಲ ಪೂರ್ತಿ ನಮ್ಮಲ್ಲಿ ಉಳಿದಾಗ, ವಕೀಲರ ಸಲಹೆಯಂತೆ ನಾನು ಸರಕನ್ನು ಮೊದಲು ಎರಡು ಸಾಲಾಗಿ ಬೇರ್ಪಡಿಸಿದೆ. ನಾವು ಉದ್ದರಿ ಮಾರಿದ ಫರ್ಸಿ ಒಂದು ಸಾಲು. ಬೇರೆ ಖಣಿಯಿಂದ ಅವರೇ ತಂದು ಪಾಲಿಶ್‌ಗೆ ಕೊಟ್ಟಿದ್ದ ಕಲ್ಲು ಇನ್ನೊಂದು. ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿದ ಪ್ರತಿಯೊಂದು ಸಾಲಿನ ಮೊದಲ ಮತ್ತು ಕೊನೆಯ ಕಲ್ಲಿಗೆ ಕೆಂಪು ಬಣ್ಣದಲ್ಲಿ ಬಿಲ್ಲಿನ ಸಂಖ್ಯೆ ಬರೆಸಿ, ಚದರ ಅಡಿಯ ಲೆಕ್ಕ ಕಾಣುವಂತೆ ಫೋಟೊ ತೆಗೆಸಿದೆ. ಯಾವ ಬಾಕಿಗೆ ಯಾವ ಕಲ್ಲು ಎಂದು ತೋರಿಸಲಾಗದಿದ್ದರೆ ತಡೆಹಿಡಿಯುವ ಹಕ್ಕು, ಅಂದರೆ ಲಿಯನ್, ವಾದದಲ್ಲಿ ನಿಲ್ಲುವುದು ಕಷ್ಟ.

ನಾವು ಮಾರಿದ ಕಲ್ಲಿಗೆ ಸರಕು ಮಾರಾಟ ಅಧಿನಿಯಮ, 1930ರ 47ನೇ ಕಲಂ ಅನ್ವಯಿಸುತ್ತದೆ. ಉದ್ದರಿಯ ಅವಧಿ ಮುಗಿದಿದ್ದು ಸರಕು ನಮ್ಮ ವಶದಲ್ಲೇ ಇದ್ದರೆ ಬೆಲೆ ಬರುವವರೆಗೆ ತಡೆಹಿಡಿಯಬಹುದು. ಸ್ವಲ್ಪ ಭಾಗ ಈಗಾಗಲೇ ಸಾಗಿಸಿದ್ದರೂ, ಹಕ್ಕು ಬಿಟ್ಟುಕೊಟ್ಟಂತೆ ನಡೆದುಕೊಂಡಿರದಿದ್ದರೆ, 48ನೇ ಕಲಂ ಪ್ರಕಾರ ಉಳಿದದ್ದರ ಮೇಲೆ ಹಕ್ಕು ಉಳಿಯುತ್ತದೆ. ಆದರೆ ಇದು ಬೆಲೆಗೆ ಮಾತ್ರ. ಜಾಗದ ಬಾಡಿಗೆಗೆ 44ನೇ ಕಲಂ ಆಧಾರ: ಸರಕು ಸಿದ್ಧವಿದೆ, ಎತ್ತಿಕೊಳ್ಳಿ ಎಂದು ತಿಳಿಸಿದ ಮೇಲೂ ಕೊಂಡವರು ಸಮಂಜಸ ಅವಧಿಯಲ್ಲಿ ಒಯ್ಯದಿದ್ದರೆ, ಕಾಯ್ದು ಇಟ್ಟುಕೊಂಡದ್ದಕ್ಕೆ ನ್ಯಾಯವಾದ ಖರ್ಚು ಕೇಳಬಹುದು. ಆದ್ದರಿಂದ ಅಂಥ ಪತ್ರವನ್ನು ಅಂಚೆಯಲ್ಲಿ ಕಳಿಸಿ ಸ್ವೀಕೃತಿಯನ್ನು ಕಡತದಲ್ಲಿಟ್ಟೆ. ಬಾಡಿಗೆಯ ಬಿಲ್ಲನ್ನು ಬೆಲೆಯ ಬಿಲ್ಲಿಗೆ ಸೇರಿಸದೆ ಪ್ರತ್ಯೇಕವಾಗಿ ಬರೆದೆ.

ಪಾಲಿಶ್ ಕಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ಕರಾರು ಅಧಿನಿಯಮ, 1872ರ 170ನೇ ಕಲಂ, ಆ ಸರಕಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವನಿಗೆ ಆ ಕೂಲಿಗಾಗಿ ಅದೇ ಸರಕನ್ನು ತಡೆಯುವ ಹಕ್ಕು ಕೊಡುತ್ತದೆ. ಯಂತ್ರಕ್ಕೆ ಹಾಕಿ ಹೊಳಪು ಕೊಟ್ಟದ್ದು ಶ್ರಮ. ಸುಮ್ಮನೆ ಜಾಗ ಕೊಟ್ಟದ್ದು ಶ್ರಮವಲ್ಲ. ಹಾಗಾಗಿ ಪಾಲಿಶ್ ಕೂಲಿಗೆ ಮಾತ್ರ ಆ ಸಾಲನ್ನು ತಡೆದೆ. ಈ ಹಕ್ಕಿನಿಂದ ಕಲ್ಲನ್ನು ಮಾರುವ ಅಧಿಕಾರವೂ ಬರುವುದಿಲ್ಲ.

ಗುತ್ತಿಗೆದಾರರು ಬೆಲೆಯನ್ನೂ ಕೂಲಿಯನ್ನೂ ಕಟ್ಟಿದ ದಿನವೇ ಕಲ್ಲು ಬಿಟ್ಟೆ. ಬಾಡಿಗೆಯನ್ನು ಅನಂತರ ಮಾತುಕತೆಯಲ್ಲಿ ಸ್ವಲ್ಪ ಇಳಿಸಿ ಪಡೆದೆ. ಬಾಡಿಗೆಗಾಗಿಯೂ ಕಲ್ಲು ಹಿಡಿದು ಕೂತಿದ್ದರೆ ಅಕ್ರಮ ತಡೆಯ ದಾವೆಗೆ ನಾವೇ ಉತ್ತರ ಕೊಡಬೇಕಾಗುತ್ತಿತ್ತು.

ಕರಾರು ಅಧಿನಿಯಮದ 171ನೇ ಕಲಂ, ಬ್ಯಾಂಕಿನಂಥ ಕೆಲವರನ್ನು ಬಿಟ್ಟು ಉಳಿದವರಿಗೆ ಸ್ಪಷ್ಟ ಕರಾರಿದ್ದರೆ ಮಾತ್ರ ಖಾತೆಯ ಒಟ್ಟು ಬಾಕಿಗಾಗಿ ತಡೆಯುವ ಹಕ್ಕು ಕೊಡುತ್ತದೆ. ಆದ್ದರಿಂದ ನಮ್ಮ ಆರ್ಡರ್ ಫಾರಂನಲ್ಲಿ ಉಚಿತ ಅವಧಿ, ಅದರ ನಂತರ ಚದರ ಅಡಿಗೆ ಬಾಡಿಗೆ ಮತ್ತು ಬಾಡಿಗೆಗೂ ಕಲ್ಲು ತಡೆಯುವ ಹಕ್ಕು ಎಂಬ ಷರತ್ತುಗಳನ್ನು ಈಗ ಕನ್ನಡದಲ್ಲೇ ಅಚ್ಚು ಹಾಕಿಸಿದ್ದೇನೆ. ಅದರ ಕೆಳಗೆ ಗುತ್ತಿಗೆದಾರರ ಸಹಿಯನ್ನು ಆರ್ಡರ್ ಪಡೆಯುವಾಗಲೇ ಹಾಕಿಸಿಕೊಳ್ಳುತ್ತೇನೆ, ಚಲನ್ ಮೇಲಿನ ಲಾರಿ ಚಾಲಕರ ಸಹಿಯನ್ನು ಅದಕ್ಕೆ ನೆಚ್ಚುವುದಿಲ್ಲ.