ಕರೆಂಟ್ ಹೋದರೂ ಕೆಡದ ಲಿನಕ್ಸ್: ಫ್ಲ್ಯಾಶ್‌ಗೆ ಸ್ಕ್ವಾಶ್‌ಎಫ್‌ಎಸ್ ಹಾಕುವುದು ಹೇಗೆ?

ತುಲಾ ಮಾಸದ ಗುಡುಗು ಶುರುವಾಯಿತೆಂದರೆ ನಮ್ಮ ಪೆರ್ಲ ಕಡೆ ಕರೆಂಟ್ ಹೋಗುವುದು, ಬರುವುದು ನಡೆದೇ ಇರುತ್ತದೆ. ಮಾವನ ಅಡಿಕೆ ತೋಟದ ಪಂಪ್ ಶೆಡ್ಡಿನಲ್ಲಿ ನಾನೊಂದು ಚಿಕ್ಕ ಲಿನಕ್ಸ್ ಬೋರ್ಡ್ ಇಟ್ಟಿದ್ದೆ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರು ಟ್ಯಾಂಕಿಯಲ್ಲಿ ಎಷ್ಟು ತುಂಬಿದೆ ಎಂದು ನೋಡಿ ಪಂಪ್ ಹಾಕುವುದು, ನಿಲ್ಲಿಸುವುದು ಅದರ ಕೆಲಸ. ಒಂದು ಸಂಜೆ ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ಆಮೇಲೆ ಬೋರ್ಡ್ ಏಳಲೇ ಇಲ್ಲ. "ಇನ್ನು ನೀರು ಬಿಡುವುದು ಹೇಗೆ ಮಾರಾಯ?" ಎಂದು ಮಾವ ಕೇಳಿದರು.

ಉತ್ತರ ಅಡುಗೆಮನೆಯಲ್ಲೇ ಇದೆ. ಮಿಡಿ ಉಪ್ಪಿನಕಾಯಿಯ ದೊಡ್ಡ ಭರಣಿಗೆ ಬಟ್ಟೆ ಕಟ್ಟಿ ಇಡುತ್ತೇವೆ, ದಿನಬಳಕೆಗೆ ಚಿಕ್ಕ ಕುಪ್ಪಿ ಬೇರೆ. ಒದ್ದೆ ಚಮಚ ಹೋಗುವುದು ಕುಪ್ಪಿಗೆ ಮಾತ್ರ. ಸ್ಕ್ವಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವಿಧಾನ) ಆ ಭರಣಿಯ ಹಾಗೆ. ಲಿನಕ್ಸಿನ ಎಲ್ಲ ಫೈಲುಗಳೂ ಇರುವ ಇಡೀ ರೂಟ್ ಫೈಲ್‌ಸಿಸ್ಟಮನ್ನು ಒತ್ತಿ ಚಿಕ್ಕದು ಮಾಡುತ್ತದೆ, ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. 2009ರಲ್ಲಿ ಬಂದ 2.6.29 ಆವೃತ್ತಿಯಿಂದ ಇದು ಲಿನಕ್ಸಿನ ತಿರುಳಾದ ಕರ್ನಲಿನಲ್ಲೇ ಇದೆ.

ಮೊದಲು ಬೋರ್ಡಿನ ಫ್ಲ್ಯಾಶ್ ಚಿಪ್, ಅಂದರೆ ಕರೆಂಟ್ ಹೋದರೂ ಡೇಟಾ ಉಳಿಸುವ ಚಿಪ್, ಯಾವುದು ಎಂದು ನೋಡಿ. ನಾರ್, ನ್ಯಾಂಡ್ ಎಂದು ಎರಡು ಬಗೆ. ನನ್ನದು 16 ಎಂಬಿಯ ನಾರ್ ಫ್ಲ್ಯಾಶ್. ನ್ಯಾಂಡ್ ಆದರೆ ಕೆಟ್ಟ ಬ್ಲಾಕ್‌ಗಳ ಕಾಟ ಇರುತ್ತದೆ, ಸ್ಕ್ವಾಶ್‌ಎಫ್‌ಎಸ್‌ಗೆ ಅದನ್ನು ಸಂಭಾಳಿಸಲು ಬರುವುದಿಲ್ಲ. ಅಲ್ಲಿ ನಡುವೆ ಕೆಟ್ಟ ಬ್ಲಾಕ್‌ಗಳನ್ನು ನೋಡಿಕೊಳ್ಳುವ ಯುಬಿಐ ಎಂಬ ಪದರ, ಅದರ ಮೇಲೆ ಅದನ್ನು ಓದಲು ಮಾತ್ರದ ಡಿಸ್ಕಿನಂತೆ ತೋರಿಸುವ ಯುಬಿಐಬ್ಲಾಕ್ ಬೇಕು. ಚಿಪ್ಪನ್ನು ನಾಲ್ಕು ಪಾಲು ಮಾಡಿದೆ: ಬೂಟ್‌ಲೋಡರಿಗೆ (ಮೊದಲು ಓಡಿ ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ) ಅರ್ಧ ಎಂಬಿ, ಕರ್ನಲಿಗೆ 4, ರೂಟಿಗೆ 9, ಉಳಿದ ಎರಡೂವರೆ ಡೇಟಾಕ್ಕೆ. ಆ ಡೇಟಾ ಪಾಲೇ ನಮ್ಮ ಚಿಕ್ಕ ಕುಪ್ಪಿ.

ಈಗ ನಿಧಾನಕ್ಕೆ ಮಾಡಬೇಕಾದ ಕೆಲಸ. ಬಿಲ್ಡ್‌ರೂಟ್ (ಚಿಕ್ಕ ಬೋರ್ಡುಗಳಿಗೆ ಲಿನಕ್ಸ್ ಕಟ್ಟಿಕೊಡುವ ಸಾಧನ) ಕೊಟ್ಟ ರೂಟ್ ಫೋಲ್ಡರಿನಲ್ಲಿ ಯಾವ್ಯಾವ ಪ್ರೋಗ್ರಾಂ ಬರೆಯುತ್ತದೆ ಎಂದು ಹುಡುಕಿ. ಟೆಂಪ್, ರನ್, ಲಾಗ್ ಫೋಲ್ಡರುಗಳನ್ನು ಟೆಂಪ್‌ಎಫ್‌ಎಸ್‌ಗೆ ಹಾಕಿ, ಅವು ರ‍್ಯಾಮಿನಲ್ಲೇ ಇರಲಿ. ಡಿಎನ್‌ಎಸ್ ವಿಳಾಸ ಬರೆಯುವ ಫೈಲಿನ ಜಾಗದಲ್ಲಿ ಟೆಂಪ್ ಕಡೆಗೆ ಒಂದು ಲಿಂಕ್ ಇಡಿ. ಎಸ್‌ಎಸ್‌ಎಚ್ ಕೀಲಿ, ಪಂಪಿನ ಸೆಟ್ಟಿಂಗ್ ಇವು ಉಳಿಯಲೇಬೇಕು. ಅವನ್ನು ಜೆಎಫ್‌ಎಫ್‌ಎಸ್2 (ಫ್ಲ್ಯಾಶಿಗೆಂದೇ ಮಾಡಿದ, ಬರೆಯಲು ಬಿಡುವ ಫೈಲ್‌ಸಿಸ್ಟಮ್) ಇರುವ ಡೇಟಾ ಪಾಲಿಗೆ ಕಳಿಸಿ. ಅಲ್ಲಿಗೂ ಸುಮ್ನೆ ನಿಮಿಷಕ್ಕೊಮ್ಮೆ ಬರೆಯಬೇಡಿ. ನಾರ್ ಚಿಪ್ಪಿನ ಒಂದೊಂದು ಬ್ಲಾಕನ್ನು ಸಾಮಾನ್ಯವಾಗಿ ಒಂದು ಲಕ್ಷ ಸಲ ಅಳಿಸಬಹುದು, ಅಷ್ಟೇ. ನೀರಿನ ಲೆಕ್ಕವನ್ನು ನಾನು ಗಂಟೆಗೊಮ್ಮೆ ಬರೆಸುತ್ತೇನೆ.

ನಾನು ಒಂದು ಇಡೀ ರಾತ್ರಿ ಕಳೆದದ್ದು ಎಲ್ಲಿ ಗೊತ್ತಾ? ಡೇಟಾ ಪಾಲನ್ನು ಜೋಡಿಸಲು ಬೇಕಾದ ಡೇಟಾ ಎಂಬ ಖಾಲಿ ಫೋಲ್ಡರನ್ನು ಮೊದಲೇ ಮಾಡಿ ಇಟ್ಟಿರಲಿಲ್ಲ. ಭರಣಿ ಕಟ್ಟಿದ ಮೇಲೆ ಹೊಸ ಫೋಲ್ಡರ್ ಮಾಡಲು ಆಗುವುದಿಲ್ಲವಲ್ಲ! ಪ್ರಾಕ್, ಸಿಸ್, ಡೆವ್, ಡೇಟಾ, ಎಲ್ಲ ಖಾಲಿ ಫೋಲ್ಡರುಗಳೂ ಇವೆಯಾ ಎಂದು ಎರಡು ಸಲ ನೋಡಿ.

ಇನ್ನು ಒತ್ತುವುದು. ಎಂಕೆಸ್ಕ್ವಾಶ್‌ಎಫ್‌ಎಸ್ ಎಂಬ ಕಮಾಂಡಿಗೆ ಫೋಲ್ಡರಿನ ಹೆಸರು, ಒತ್ತಿದ ಮೇಲೆ ಸಿಗುವ ಇಮೇಜ್ ಫೈಲಿನ ಹೆಸರು ಕೊಡಿ. ಕಂಪ್ರೆಷನ್‌ಗೆ ಎಕ್ಸ್‌ಝಡ್ ಹಾಕಿದರೆ ಇಮೇಜ್ ತುಂಬಾ ಚಿಕ್ಕದಾಗುತ್ತದೆ, ಆದರೆ ಬಿಚ್ಚುವಾಗ ಪ್ರೊಸೆಸರಿಗೆ ಕೆಲಸ ಜಾಸ್ತಿ. ಜಾಗ ಇದ್ದರೆ ಝಡ್‌ಸ್ಟ್ಯಾಂಡರ್ಡ್ ಒಳ್ಳೆಯದು, ಅದಕ್ಕೆ ಕರ್ನಲ್ 4.14 ಅಥವಾ ಅದಕ್ಕಿಂತ ಹೊಸದು ಬೇಕು. ಬ್ಲಾಕ್ ಅಳತೆ ತಾನಾಗಿ 128 ಕೆಬಿ ಇರುತ್ತದೆ, ರ‍್ಯಾಮ್ ಕಡಿಮೆ ಇದ್ದರೆ ಹಾಗೆಯೇ ಬಿಡಿ. ನೋ-ಅಪೆಂಡ್ ಮತ್ತು ಆಲ್-ರೂಟ್ ಎಂಬ ಆಯ್ಕೆಗಳನ್ನು ಮರೆಯಬೇಡಿ. ಮೊದಲನೆಯದು ಇಲ್ಲದಿದ್ದರೆ ಹಳೆಯ ಇಮೇಜಿಗೇ ಹೊಸದನ್ನು ಸೇರಿಸುತ್ತದೆ. ಎರಡನೆಯದು ಇಲ್ಲದಿದ್ದರೆ ಫೈಲುಗಳ ಒಡೆಯ ನಿಮ್ಮ ಲ್ಯಾಪ್‌ಟಾಪಿನ ಬಳಕೆದಾರನೇ ಆಗಿಬಿಡುತ್ತಾನೆ. ನನ್ನ 20 ಎಂಬಿ ಫೋಲ್ಡರ್ ಎಕ್ಸ್‌ಝಡ್‌ನಲ್ಲಿ 7 ಎಂಬಿಗೆ ಇಳಿಯಿತು.

ಕರ್ನಲಿನಲ್ಲಿ ಸ್ಕ್ವಾಶ್‌ಎಫ್‌ಎಸ್, ನೀವು ಆರಿಸಿದ ಕಂಪ್ರೆಷನ್, ಫ್ಲ್ಯಾಶ್ ಡ್ರೈವರ್ ಮೂರೂ ಒಳಗೇ ಸೇರಿರಬೇಕು. ಮಾಡ್ಯೂಲ್ (ಬೇಕಾದಾಗ ಸೇರಿಸುವ ಬೇರೆ ಫೈಲ್) ಮಾಡಿದರೆ ಆ ಮಾಡ್ಯೂಲ್ ಇರುವುದು ರೂಟಿನಲ್ಲಿ, ರೂಟ್ ತೆರೆಯಲು ಬೇಕಾದದ್ದು ಅದೇ ಮಾಡ್ಯೂಲ್. ಡೆವ್ ಫೋಲ್ಡರ್ ತಾನಾಗಿ ಮೌಂಟ್ ಆಗುವ (ಜೋಡಿಸಿಕೊಳ್ಳುವ) ಆಯ್ಕೆಯನ್ನೂ ಹಾಕಿ. ಬೂಟ್‌ಲೋಡರ್ ಕರ್ನಲಿಗೆ ಕೊಡುವ ಬೂಟ್ ಸಾಲಿನಲ್ಲಿ ರೂಟ್ ಪಾಲಿನ ಹೆಸರು, ಫೈಲ್‌ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್ ಎಂಬುದು, ಓದಲು ಮಾತ್ರ ಎಂಬುದು ಇರಲಿ.

ಇಮೇಜನ್ನು ಬೂಟ್‌ಲೋಡರಿನಿಂದಲೇ ಫ್ಲ್ಯಾಶಿಗೆ ಬರೆಯಿರಿ. ಓಡುತ್ತಿರುವ ರೂಟಿನ ಮೇಲೆಯೇ ಬರೆಯಲು ಹೋಗಬೇಡಿ. ಬೂಟ್‌ಲೋಡರಿನ ಜೊತೆ ಮಾತಾಡಲು ಸೀರಿಯಲ್ ಕೇಬಲ್ ಹತ್ತಿರವೇ ಇರಲಿ.

ಎಲ್ಲ ಆದ ಮೇಲೆ ಶೆಡ್ಡಿಗೆ ಹೋಗಿ ಮಾವನ ಎದುರೇ ಪ್ಲಗ್ ಕಿತ್ತೆ. ಹಾಕಿದೆ, ಮತ್ತೆ ಕಿತ್ತೆ. ಇಪ್ಪತ್ತು ಸಲ. ಪ್ರತಿ ಸಲವೂ ಹಸಿರು ದೀಪ ಹೊತ್ತಿತು, ಪಂಪಿನ ರಿಲೇ ಟಕ್ ಎಂದಿತು.